ಕುದ್ಮುಲ್ ರಂಗರಾಯರ ಬಗ್ಗೆ ಐದು ನಿಮಿಷ ಮಾತಾಡುವುದು ಹೇಗೆ

ಮಂಗಳೂರಿನ ಮಕ್ಕಳಿಗೆ ಪುರಭವನ ಚೆನ್ನಾಗಿ ಗೊತ್ತು. ಡ್ಯಾನ್ಸ್ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಹೋಗಿರುತ್ತಾರೆ. ಅದಕ್ಕೆ ಹೆಸರಿಟ್ಟಿರುವ ಕುದ್ಮುಲ್ ರಂಗರಾವ್ ಯಾರು ಅಂತ ಕೇಳಿ ನೋಡಿ, ತಲೆ ತುರಿಸುತ್ತಾರೆ. ಹಾಗಾಗಿ ಭಾಷಣ ಸ್ಪರ್ಧೆಯಲ್ಲಿ ವಿಷಯ ನಮ್ಮ ಆಯ್ಕೆಗೆ ಬಿಟ್ಟರೆ ನಾನು ಇವರನ್ನೇ ಕೊಡುವುದು.

ಮೊದಲ ಸಲ ನಾನೇ ಭಾಷಣ ಬರೆದುಕೊಟ್ಟೆ. ಅದೇ ತಪ್ಪಾಯಿತು. ಮೊದಲ ಸಾಲಿನಲ್ಲೇ ಮಹಾನ್ ಚೇತನ, ದಲಿತೋದ್ಧಾರಕ, ಸಮಾಜ ಸುಧಾರಕ ಎಲ್ಲ ಇತ್ತು. ಹುಡುಗ ಎರಡನೇ ಪ್ಯಾರಾದಲ್ಲಿ ಮೈಕಿನ ಮುಂದೆ ನಿಂತೇಬಿಟ್ಟ. ನಾನು ಹಿಂದಿನ ಸಾಲಿನಿಂದ ಬಾಯಿ ಆಡಿಸಿದೆ, ಅವನಿಗೆ ಕಾಣಲಿಲ್ಲ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿದರೆ ಇನ್ನೇನಾಗುತ್ತದೆ?

ಈಗ ಮಗುವಿನ ಹತ್ತಿರವೇ ಬರೆಸುತ್ತೇನೆ. ಹುಟ್ಟು, ಊರು ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಲಿ: 1859, ಕಾಸರಗೋಡು, ಸಾರಸ್ವತ ಬ್ರಾಹ್ಮಣ ಮನೆತನ, ಮಂಗಳೂರಿನಲ್ಲಿ ವಕೀಲಿಕೆ, ಬ್ರಹ್ಮಸಮಾಜ. ಅಲ್ಲಿಂದ ನೇರ 1892ಕ್ಕೆ ಬರಬೇಕು. ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರುವಾದದ್ದು ಆಗ.

ಇಲ್ಲಿ ಅವಸರ ಬೇಡ. ‘ಶಾಲೆ ತೆರೆದರು’ ಅಂತ ಹೇಳಿ ದಾಟಿಬಿಡುತ್ತಾರೆ ಮಕ್ಕಳು. ನಾನು ತಡೆದು ಕೇಳುತ್ತೇನೆ, ಪಾಠ ಮಾಡಿದ್ದು ಯಾರು? ಮೇಲ್ಜಾತಿಯ ಮಾಸ್ತರರು ಒಪ್ಪಲಿಲ್ಲ, ಕ್ರೈಸ್ತ ಮಾಸ್ತರರು ಬಂದರು. ಹಸಿದ ಮಕ್ಕಳು ಕೂರುತ್ತಾರಾ? ಮಧ್ಯಾಹ್ನ ಊಟದ ವ್ಯವಸ್ಥೆ ಮಾಡಿದರು. ಸ್ವಂತ ಜಾತಿಯವರು ಸುಮ್ನಿದ್ದರಾ? ಇಲ್ಲ, ಬಹಿಷ್ಕಾರ ಹಾಕಿದರು. ಬಹಿಷ್ಕಾರ ಅಂದರೆ ಮಕ್ಕಳಿಗೆ ಬರೀ ದೊಡ್ಡ ಪದ. ‘ನಾಳೆಯಿಂದ ಕ್ಲಾಸಿನಲ್ಲಿ ಯಾರೂ ನಿನ್ನ ಪಕ್ಕ ಟಿಫಿನ್ ಬಿಚ್ಚುವುದಿಲ್ಲ ಅಂದುಕೋ’ ಅಂದೆ ಒಮ್ಮೆ. ಆ ಹುಡುಗಿ ಆಮೇಲೆ ಆ ಪದದಲ್ಲಿ ಎಡವಲೇ ಇಲ್ಲ.

1897ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಅಂದರೆ ದಮನಿತ ವರ್ಗದವರಿಗಾಗಿ ದುಡಿಯುವ ಸಂಸ್ಥೆ. ನಾಲಿಗೆ ಹೊರಳುವುದಿಲ್ಲ, ದಿನಾ ಮೂರು ಸಲ ಹೇಳಿಸಿ.

ಒಂದು ಪದವನ್ನು ಮಾತ್ರ ನಾನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತೇನೆ, ‘ಉದ್ಧಾರ’. ಅಭ್ಯಾಸ ನಡೆಯುವಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ: ‘ಟೀಚರ್, ಉದ್ಧಾರ ಮಾಡಿದ್ರು ಅಂದ್ರೆ ನಮ್ಮ ಅಜ್ಜಂದಿರು ಸುಮ್ನೆ ಕೂತಿದ್ರಾ?’ ನನ್ನ ಬಳಿ ಉತ್ತರ ಇರಲಿಲ್ಲ. ಬೈಗುಳ ಕೇಳಿಸಿಕೊಂಡೂ ಮಕ್ಕಳನ್ನು ಆ ಶಾಲೆಗೆ ಕಳಿಸಿದ ಅಪ್ಪ ಅಮ್ಮಂದಿರ ಧೈರ್ಯ ಏನು ಕಡಿಮೆಯಾ? ಆ ವರ್ಷದಿಂದ ಭಾಷಣದಲ್ಲಿ ಅವರಿಗೂ ಎರಡು ವಾಕ್ಯ ಉಂಟು.

ಮಗಳು ರಾಧಾಬಾಯಿಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅವರಿಗೆ ಮರುಮದುವೆಯಾಯಿತು, ಅದೂ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರೊಂದಿಗೆ. ರಾಯರು ಊರಿಗೊಂದು, ಮನೆಗೊಂದು ಹೇಳಿದವರಲ್ಲ ಅಂತ ತೋರಿಸಲು ಇಷ್ಟು ಸಾಕು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟಿಗೆ, ಅಂದರೆ ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಯ ಮೇಲ್ಮನೆಗೆ, ಆಯ್ಕೆಯಾದ ಮೊದಲ ಹೆಂಗಸು ಈ ರಾಧಾಬಾಯಿಯೇ.

ಸ್ಪರ್ಧೆಗೆ ಮೊದಲಿನ ಶನಿವಾರ, ಶಾಲೆ ಬಿಟ್ಟ ಮೇಲೆ, ಮಗುವನ್ನು ಬಾಬುಗುಡ್ಡೆಯ ಸಮಾಧಿಗೆ ಕರೆದುಕೊಂಡು ಹೋಗಿ. ರಾಯರು ತೀರಿಕೊಂಡದ್ದು 1928ರಲ್ಲಿ. ಅಲ್ಲಿ ಅವರ ಆಸೆ ಬರೆದಿದೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ಹುದ್ದೆಗೆ ಹೋಗಿ ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಅಂತ. ಮಗು ಅದನ್ನು ತಾನೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೋ ಹೊಡೆದರೆ ಮನೆಗೆ ಬಂದು ಯಾರೂ ಓದುವುದಿಲ್ಲ.

ಈಗ ರಸ್ತೆಗಳೆಲ್ಲ ಕಾಂಕ್ರೀಟ್ ಅಲ್ವಾ, ಆಗಿನ ಮಣ್ಣು ರಸ್ತೆಯ ಬಗ್ಗೆ ಒಂದು ಮಾತು ಹೇಳಿಕೊಡಿ. ಕಾರು ಅಂದರೆ ಆಗ ಊರಿಗೆ ಬೆರಳೆಣಿಕೆಯ ದೊಡ್ಡವರದ್ದು. ದಾರಿಯಲ್ಲಿ ನಡೆಯಲೂ ಬಿಡದ ಕಾಲದಲ್ಲಿ ಅವರು ಕಾರಿನ ಕನಸು ಕಂಡಿದ್ದರು.

ಭಾಷಣ ಆ ಧೂಳಿನಲ್ಲೇ ನಿಲ್ಲಲಿ. ನಾಲ್ಕನೇ ನಿಮಿಷಕ್ಕೆ ಎಚ್ಚರಿಕೆ ಗಂಟೆ ಹೊಡೆಯುತ್ತಾರೆ, ಅಷ್ಟರೊಳಗೆ ಮಗು ಬಾಬುಗುಡ್ಡೆಗೆ ತಲುಪಿರಬೇಕು.