ಡಿಎಕ್ಸ್7 ಸೌಂಡ್ ನೀವೇ ಮಾಡಿ: ಎರಡು ಆಪರೇಟರ್ ಸಾಕು ಶುರುವಿಗೆ

ನನ್ನ ಪರಿಚಯದ ಕೀಬೋರ್ಡ್ ಹುಡುಗರು ಡೆಕ್ಸ್ಡ್ (ಯಮಾಹಾದ ಹಳೆಯ ಡಿಎಕ್ಸ್7 ಸಿಂಥಸೈಜರ್‌ನ ಕಂಪ್ಯೂಟರ್ ನಕಲು) ಹಾಕಿಕೊಂಡ ದಿನ ಮಾಡುವ ಮೊದಲ ಕೆಲಸ ಒಂದೇ. ಇಂಟರ್ನೆಟ್ಟಿನಿಂದ ಸಾವಿರಾರು ಪ್ಯಾಚ್, ಅಂದರೆ ಬೇರೆಯವರು ಮಾಡಿಟ್ಟ ಸೌಂಡ್, ಇಳಿಸಿಕೊಳ್ಳುವುದು. ಆಮೇಲೆ ಒಂದೊಂದನ್ನೇ ಒತ್ತಿ ಕೇಳುತ್ತಾ ಕೂರುವುದು. ರಾತ್ರಿ ಕಳೆದುಹೋಗುತ್ತದೆ, ಒಂದು ಟ್ಯೂನೂ ಹುಟ್ಟುವುದಿಲ್ಲ. ಪ್ಯಾಚ್ ಮುಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಸಂಜೆ ಎರಡೇ ಎರಡು ಆಪರೇಟರ್ (ಒಂದೊಂದು ಅಲೆ ಹುಟ್ಟಿಸುವ ಭಾಗ) ಜೊತೆ ಕೂತುಕೊಳ್ಳಿ. ಡಿಎಕ್ಸ್7ನ ಗುಟ್ಟು ಪೂರ್ತಿ ಅಲ್ಲೇ ಇದೆ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಮದುವೆ, ಗಣೇಶನ ಪೆಂಡಾಲ್, ರಾಜ್ಯೋತ್ಸವ, ಎಲ್ಲಾ ಕಡೆ. ಸ್ಟೇಜ್ ಮೇಲೆ ಎಲೆಕ್ಟ್ರಿಕ್ ಪಿಯಾನೋ ಬೇಕು, ಗಂಟೆ ಬೇಕು, ಬ್ರಾಸ್ ಬೇಕು. ಇವು ಮೂರನ್ನೂ ಸೊನ್ನೆಯಿಂದ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಯಂತ್ರದ ಕಥೆ, ಸ್ವಲ್ಪ

ಡಿಎಕ್ಸ್7 ಬಂದದ್ದು 1983ರಲ್ಲಿ. ಮಾಡಿದವರು ಜಪಾನಿನ ಹಮಮತ್ಸು ಊರಿನ ಯಮಾಹಾ. ಅಮೆರಿಕದಲ್ಲಿ ಬೆಲೆ 1,995 ಡಾಲರ್. 61 ಕೀ, ಒಟ್ಟಿಗೆ 16 ಸ್ವರ, ಬೆರಳಿನ ಒತ್ತಡಕ್ಕೆ ತಕ್ಕಂತೆ ಬದಲಾಗುವ ಸೌಂಡ್, ಮೇಲೆ ಆಗಷ್ಟೇ ಹುಟ್ಟಿದ್ದ ಮಿಡಿ (ವಾದ್ಯಗಳನ್ನೂ ಕಂಪ್ಯೂಟರನ್ನೂ ಜೋಡಿಸುವ ವ್ಯವಸ್ಥೆ). ಅದಕ್ಕೆ ಮುಂಚೆ ಹೆಸರು ಮಾಡಿದ್ದ ಪ್ರಾಫೆಟ್-5 ಸಿಂಥ್‌ನಲ್ಲಿ ಒಟ್ಟಿಗೆ ಐದೇ ಸ್ವರ, ಬೆಲೆಯೂ ಜಾಸ್ತಿ, ಶೃತಿ ಬೇರೆ ಜಾರುತ್ತಿತ್ತು. ಡಿಎಕ್ಸ್7ನದು ಪೂರ್ತಿ ಡಿಜಿಟಲ್. ಶೃತಿ ಅಲುಗಾಡುವುದೇ ಇಲ್ಲ. ಒಂದು ಲಕ್ಷಕ್ಕಿಂತ ಜಾಸ್ತಿ ಯಂತ್ರಗಳು ಖರ್ಚಾದವು.

ಒಳಗೆ 32 ಪ್ರೀಸೆಟ್, ಅಂದರೆ ಸಿದ್ಧ ಸೌಂಡ್, ತುಂಬಿ ಕಳಿಸುತ್ತಿದ್ದರು. ಡೇವ್ ಬ್ರಿಸ್ಟೋ, ಗ್ಯಾರಿ ಲ್ಯೂಯೆನ್‌ಬರ್ಗರ್ ಇಬ್ಬರ ಕೈಚಳಕ ಅದರಲ್ಲಿ ಬಹಳ ಇದೆ. ಹನ್ನೊಂದನೆಯದು ಇ.ಪಿಯಾನೋ 1. ಆ ದಶಕದ ನಿಧಾನಗತಿಯ ಪ್ರೇಮಗೀತೆಗಳಲ್ಲಿ ಗಾಜಿನ ಹಾಗೆ ಮಿನುಗುವ ಪಿಯಾನೋ ಕೇಳಿದ್ದೀರಲ್ವಾ, ಅದೇ. ಕೊನೆಗೆ ರೈಲಿನ ಸದ್ದು, ವಿಮಾನ ಹಾರುವ ಸದ್ದು ಕೂಡ ಇತ್ತು. ಅವನ್ನು ಯಾರು ಯಾವ ಹಾಡಿಗೆ ಬಳಸಿದರೋ ದೇವರೇ ಬಲ್ಲ.

ಹೆಚ್ಚಿನವರು ಪ್ರೀಸೆಟ್ ಬಿಟ್ಟು ಆಚೆ ಹೋಗಲಿಲ್ಲ. ಕಾರಣ ಪ್ಯಾನೆಲ್. ಹಳೆಯ ಸಿಂಥ್‌ಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ನಾಬ್ ಇರುತ್ತಿತ್ತು. ಇಲ್ಲಿ ಚಪ್ಪಟೆ ಬಟನ್‌ಗಳ ಸಾಲು, ಅಂಕಿ ಬದಲಿಸಲು ಒಂದು ಸ್ಲೈಡರ್, ಎರಡು ಸಾಲಿನ ಪುಟ್ಟ ಪರದೆ, ಅದಕ್ಕೆ ಹಿಂದಿನಿಂದ ಬೆಳಕೂ ಇಲ್ಲ. ನೂರೈವತ್ತಕ್ಕೂ ಹೆಚ್ಚು ಸೆಟ್ಟಿಂಗ್‌ಗಳನ್ನು ಆ ಪರದೆಯಲ್ಲಿ ನೋಡುವುದು ಅಂದರೆ ಬೀಗದ ಕಿಂಡಿಯಿಂದ ಮನೆ ನೋಡಿದ ಹಾಗೆ. ಸಂಗೀತಗಾರ ಬ್ರಿಯಾನ್ ಈನೋ ಥರದ ಕೆಲವರು ಹಟ ಹಿಡಿದು ಕಲಿತರು. ಉಳಿದವರು ಹನ್ನೊಂದನೆಯ ಬಟನ್ ಒತ್ತಿ ನುಡಿಸಿದರು.

ಈಗ ಆ ಕಷ್ಟ ಇಲ್ಲ. ಡೆಕ್ಸ್ಡ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಆರೂ ಆಪರೇಟರ್ ಒಂದೇ ಪರದೆಯಲ್ಲಿ ಕಾಣುತ್ತವೆ. ಯಾವುದಾದರೂ ಮಿಡಿ ಕೀಬೋರ್ಡ್ ಚುಚ್ಚಿದರೆ ಸಾಕು.

ಚೌನಿಂಗ್ ಕೇಳಿದ್ದನ್ನು ನೀವೂ ಕೇಳಿ

ಡೆಕ್ಸ್ಡ್‌ನಲ್ಲಿ ಇನಿಟ್ ಒತ್ತಿ. ಈಗ ಒಂದನೇ ಆಪರೇಟರ್ ಮಾತ್ರ 99ರಲ್ಲಿದೆ, ಉಳಿದ ಐದೂ ಸೊನ್ನೆ. ಒಂದು ಕೀ ಒತ್ತಿ. ಬರೀ ಸೈನ್ ವೇವ್. ಬಣ್ಣ ಇಲ್ಲ, ರುಚಿ ಇಲ್ಲ. ಡಿಎಕ್ಸ್7ನಲ್ಲಿ ಇರುವ ಅಲೆ ಇದೊಂದೇ. ಗರಗಸದ ಅಲೆ, ಚೌಕದ ಅಲೆ, ಹೊಳಪು ತಗ್ಗಿಸುವ ಫಿಲ್ಟರ್ ಯಾವುದೂ ಇಲ್ಲ.

ಈಗ ಎರಡನೇ ಆಪರೇಟರ್‌ಗೆ ಬನ್ನಿ. ಅದನ್ನು ರೇಶಿಯೋದಿಂದ ಫಿಕ್ಸೆಡ್ ಮೋಡ್‌ಗೆ ಬದಲಿಸಿ, ಅಂದರೆ ಯಾವ ಕೀ ಒತ್ತಿದರೂ ಅದರ ಆವರ್ತ ಒಂದೇ. ಕೋರ್ಸ್ (ದೊಡ್ಡ ಹೆಜ್ಜೆ) 0, ಫೈನ್ (ಸಣ್ಣ ಹೆಜ್ಜೆ) 78 ಇಡಿ. ಸುಮಾರು 6 ಹರ್ಟ್ಜ್ ತೋರಿಸುತ್ತದೆ. ಲೆವೆಲ್ 99ಕ್ಕೆ ಏರಿಸಿ. ನಡುವಿನ ಒಂದು ಕೀ ಒತ್ತಿ ಹಿಡಿಯಿರಿ. ಸ್ವರ ಓಲಾಡುತ್ತದೆ. ಅದು ವೈಬ್ರಾಟೋ, ಹಾಡುಗಾರರು ಗಂಟಲಲ್ಲಿ ಮಾಡುವುದೇ. ಎರಡನೇ ಆಪರೇಟರ್ ನಮಗೆ ಕೇಳಿಸುತ್ತಿಲ್ಲ, ಮೊದಲನೆಯದನ್ನು ಅಲುಗಾಡಿಸುತ್ತಿದೆ ಅಷ್ಟೇ.

ಕೀ ಬಿಡದೆ ಕೋರ್ಸ್ 1ಕ್ಕೆ ಏರಿಸಿ. 60 ಹರ್ಟ್ಜ್. ಈಗ ಓಲಾಟ ಎಣಿಸಲು ಆಗುವುದಿಲ್ಲ, ಒರಟಾದ ಗೊರಗೊರ ಸದ್ದು. ಇನ್ನೊಂದು ಮೆಟ್ಟಿಲು, ಕೋರ್ಸ್ 2. 600 ಹರ್ಟ್ಜ್. ಓಲಾಟ ಮಾಯ. ಅದರ ಜಾಗದಲ್ಲಿ ಹೊಸ ಲೋಹದಂಥ ನಾದ.

1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮುಂದೆ ಕೂತು ಜಾನ್ ಚೌನಿಂಗ್ ಮಾಡಿದ್ದು ಇದನ್ನೇ. ಅವರು ಇಂಜಿನಿಯರ್ ಅಲ್ಲ, ಸಂಗೀತಗಾರ. ವೈಬ್ರಾಟೋವನ್ನು ಸುಮ್ನೆ ಜೋರಾಗಿ, ಇನ್ನೂ ಜೋರಾಗಿ ಓಡಿಸಿ ನೋಡಿದರು. ಒಂದು ಹಂತ ದಾಟಿದ ಮೇಲೆ ಕಿವಿ ಅದನ್ನು ಓಲಾಟ ಅಂತ ಕೇಳುವುದನ್ನು ನಿಲ್ಲಿಸಿ ಬಣ್ಣ ಅಂತ ಕೇಳಲು ಶುರು ಮಾಡಿತು. ಹತ್ತಾರು ಅಲೆ ಕೂಡಿಸಿ ಕಟ್ಟಬೇಕಿದ್ದ ನಾದ ಎರಡೇ ಅಲೆಯಲ್ಲಿ ಸಿಕ್ಕಿತು. ಆ ಕಾಲದ ಕಂಪ್ಯೂಟರ್‌ಗೆ ಅದು ದೊಡ್ಡ ಉಳಿತಾಯ. ಈ ವಿಧಾನಕ್ಕೇ ಎಫ್‌ಎಂ ಅನ್ನುತ್ತಾರೆ.

1973ರಲ್ಲಿ ಅವರು ಇದರ ಬಗ್ಗೆ ಲೇಖನ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್‌ನವರು ಇದನ್ನು ಅಮೆರಿಕದ ಆರ್ಗನ್ ಕಂಪನಿಗಳಿಗೆ ತೋರಿಸಿದರೆ ಅವರಿಗೆ ತಲೆಬುಡ ತಿಳಿಯಲಿಲ್ಲ. ಯಮಾಹಾದ ಇಂಜಿನಿಯರ್ ಇಷಿಮುರಾ ಬಂದು ನೋಡಿದವರೇ ಹಿಡಿದುಕೊಂಡರು. ಪೇಟೆಂಟ್ 1977ರಲ್ಲಿ ಸಿಕ್ಕಿತು, ಸ್ಟ್ಯಾನ್‌ಫರ್ಡ್‌ಗೆ ಅದರಿಂದ ಬಂದ ದುಡ್ಡು 2 ಕೋಟಿ ಡಾಲರ್ ದಾಟಿತು. ತಮಾಷೆ ಏನಂದರೆ ನಡುವೆ ಅದೇ ವಿಶ್ವವಿದ್ಯಾಲಯ ಚೌನಿಂಗ್‌ಗೆ ಕಾಯಂ ಹುದ್ದೆ ಕೊಡದೆ ಹೊರಗೆ ಕಳಿಸಿತ್ತು. ಆಮೇಲೆ ವಾಪಸ್ ಕರೆಸಿಕೊಂಡಿತು.

ರೇಶಿಯೋ: ಯಾವ ಥರದ ನಾದ

ಫಿಕ್ಸೆಡ್ ಮೋಡ್‌ನಲ್ಲಿ ಒಂದು ತೊಂದರೆ ಇದೆ. ಬೇರೆ ಕೀ ಒತ್ತಿದರೆ ನಾದದ ಬಣ್ಣವೇ ಬದಲಾಗುತ್ತದೆ. ಹಾಗಾಗಿ ರೇಶಿಯೋಗೆ ವಾಪಸ್ ಬನ್ನಿ. ಈಗ ಎರಡೂ ಆಪರೇಟರ್ ನೀವು ಒತ್ತಿದ ಸ್ವರದ ಜೊತೆಗೇ ಏರಿಳಿಯುತ್ತವೆ. ಕೇಳಿಸುವ ಒಂದನೆಯದು ಕ್ಯಾರಿಯರ್, ಅಲುಗಾಡಿಸುವ ಎರಡನೆಯದು ಮಾಡ್ಯುಲೇಟರ್.

ಕ್ಯಾರಿಯರ್ 1.00ರಲ್ಲೇ ಇರಲಿ. ಮಾಡ್ಯುಲೇಟರ್ ಲೆವೆಲ್ 78ರ ಹತ್ತಿರ ಇಟ್ಟು ಅದರ ರೇಶಿಯೋ ಮಾತ್ರ ಬದಲಿಸುತ್ತಾ ಹೋಗಿ. 1.00ರಲ್ಲಿ ಎಲ್ಲಾ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಒಂದು, ಎರಡು, ಮೂರು ಪಟ್ಟು ಆವರ್ತದವು) ಬರುತ್ತವೆ, ತುಂಬಿದ ನಾದ. 2.00ರಲ್ಲಿ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯವು ಮಾತ್ರ. ಕ್ಲಾರಿನೆಟ್‌ನ ಟೊಳ್ಳು ದನಿ. ಲೆಕ್ಕ ಸುಲಭ: ಕ್ಯಾರಿಯರ್ ಆವರ್ತಕ್ಕೆ ಮಾಡ್ಯುಲೇಟರ್ ಆವರ್ತವನ್ನು ಕೂಡುತ್ತಾ ಹೋಗಿ, ಕಳೆಯುತ್ತಾ ಹೋಗಿ. ಸಿಗುವ ಸಂಖ್ಯೆಗಳೇ ನಾದದಲ್ಲಿರುವ ಸ್ವರಗಳು. ಮೈನಸ್ ಬಂದರೆ ಮೈನಸ್ ಮರೆತುಬಿಡಿ.

ಈಗ 14.00 ಇಟ್ಟು ಲೆವೆಲ್ 58ಕ್ಕೆ ಇಳಿಸಿ. 13 ಮತ್ತು 15ನೇ ಹಾರ್ಮೋನಿಕ್ ಸಣ್ಣಗೆ ಮೇಲೆ ಕೂರುತ್ತವೆ. ಕಣ್ಣು ಮುಚ್ಚಿ ಕೇಳಿ. ಎಲೆಕ್ಟ್ರಿಕ್ ಪಿಯಾನೋದ ಟಿಣ್ ಆಗಲೇ ಬಂದಿದೆ.

ಲೆವೆಲ್ ಮತ್ತು ಎನ್ವಲಪ್: ಇಲ್ಲೇ ಜೀವ

ಮಾಡ್ಯುಲೇಟರ್ ಲೆವೆಲ್ ಏರಿಸಿದರೆ ಸದ್ದು ಜೋರಾಗುವುದಿಲ್ಲ, ಹೊಳಪು ಏರುತ್ತದೆ. ಫಿಲ್ಟರ್ ನಾಬ್ ಹುಡುಕಬೇಡಿ. ಇದೇ ನಿಮ್ಮ ಫಿಲ್ಟರ್. 50ರ ಕೆಳಗೆ ಏನೂ ಗೊತ್ತಾಗುವುದಿಲ್ಲ. 70ರಿಂದ 85ರವರೆಗೆ ಕೆಲಸದ ಜಾಗ. ಅದರ ಮೇಲೆ ಹೋದರೆ ಹುಷಾರು, ಬೇಗ ಕಿರಿಕಿರಿ ಆಗಬಹುದು. ಪ್ರತಿ 8 ಅಂಕಕ್ಕೆ ಅಲುಗಾಟ ಹೆಚ್ಚೂಕಡಿಮೆ ಎರಡರಷ್ಟಾಗುತ್ತದೆ. ಅದಕ್ಕೇ ಮೇಲಿನ ತುದಿಯಲ್ಲಿ ಒಂದೊಂದೇ ಅಂಕ ಏರಿಸಿ.

ಆ ಹೊಳಪು ಹೊತ್ತಿಗೆ ತಕ್ಕಂತೆ ಬದಲಾಗುವುದೇ ಅಸಲಿ ವಿಷಯ. ಪ್ರತಿ ಆಪರೇಟರ್‌ಗೂ ಸ್ವಂತ ಎನ್ವಲಪ್, ಅಂದರೆ ಲೆವೆಲ್ ಯಾವಾಗ ಎಷ್ಟು ಏರಿಳಿಯಬೇಕು ಅನ್ನುವ ನಕ್ಷೆ, ಇದೆ. ನಾಲ್ಕು ರೇಟ್, ನಾಲ್ಕು ಲೆವೆಲ್. ಒಂದನೇ ರೇಟ್‌ನಲ್ಲಿ ಒಂದನೇ ಲೆವೆಲ್‌ಗೆ ಹೋಗುತ್ತದೆ, ಆಮೇಲೆ ಎರಡು, ಮೂರು. ಕೀ ಬಿಡುವವರೆಗೆ ಮೂರರಲ್ಲೇ ನಿಲ್ಲುತ್ತದೆ. ಬಿಟ್ಟ ಮೇಲೆ ನಾಲ್ಕು. ರೇಟ್ ಸಂಖ್ಯೆ ದೊಡ್ಡದಾದಷ್ಟೂ ವೇಗ ಜಾಸ್ತಿ. ಹೊಸಬರು ಇಲ್ಲಿ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರೆ, ನೆನಪಿಡಿ.

ಗಂಟೆಯಿಂದ ಶುರು ಮಾಡೋಣ. ಚೌನಿಂಗ್ ತಮ್ಮ ಲೇಖನದಲ್ಲಿ ಕ್ಯಾರಿಯರ್ 200 ಹರ್ಟ್ಜ್, ಮಾಡ್ಯುಲೇಟರ್ 280 ಹರ್ಟ್ಜ್, ಉದ್ದ 15 ಸೆಕೆಂಡ್ ಅಂತ ಕೊಟ್ಟಿದ್ದಾರೆ. ಅಂದರೆ ರೇಶಿಯೋ 1.40. ಕೋರ್ಸ್ 1, ಫೈನ್ 40 ಇಡಿ. ಕೂಡಿ ಕಳೆದು ನೋಡಿ: 0.4, 1.8, 2.4, 3.8. ಒಂದಕ್ಕೊಂದು ಹೊಂದುವುದಿಲ್ಲ. ಹೊಂದದೇ ಇರುವುದರಿಂದಲೇ ಲೋಹ ಅನಿಸುತ್ತದೆ. ಮಾಡ್ಯುಲೇಟರ್ ಲೆವೆಲ್ 88. ಎರಡಕ್ಕೂ ಒಂದನೇ ರೇಟ್ 99, ಲೆವೆಲ್ 99. ಎರಡನೇ ರೇಟ್ 25ರ ಆಸುಪಾಸು, ಎರಡು ಮತ್ತು ಮೂರನೇ ಲೆವೆಲ್ ಸೊನ್ನೆ. ನಾಲ್ಕನೇ ರೇಟ್ ಕೂಡ 25, ಕೈ ಬಿಟ್ಟ ಮೇಲೂ ಅನುರಣಿಸಲಿ. ಮಾಡ್ಯುಲೇಟರ್‌ನ ಎರಡನೇ ರೇಟನ್ನು ಕ್ಯಾರಿಯರ್‌ಗಿಂತ ಸ್ವಲ್ಪ ಜಾಸ್ತಿ ಮಾಡಿ. ಆಗ ಹೊಳಪು ಮೊದಲು ಆರುತ್ತದೆ, ಗುಂಯ್ ಅನ್ನುವುದು ಉಳಿಯುತ್ತದೆ. ಭಕ್ತಿಗೀತೆಯ ಶುರುವಿಗೆ ನಾನು 1.40ರ ಬದಲು 3.50 ಇಡುತ್ತೇನೆ. ಅದು ಇನ್ನೂ ತೆಳು.

ಬ್ರಾಸ್ ಇದರ ಉಲ್ಟಾ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಝಾನ್-ಕ್ಲೋಡ್ ರಿಸೆ ಟ್ರಂಪೆಟ್ ನಾದವನ್ನು ಬಿಡಿಸಿ ನೋಡಿ ಕಂಡುಕೊಂಡದ್ದು ಇದು: ಸದ್ದು ಏರಿದಂತೆ ಮೇಲಿನ ಹಾರ್ಮೋನಿಕ್‌ಗಳೂ ಏರುತ್ತವೆ. ಹಾಗಾಗಿ ರೇಶಿಯೋ 1.00, ಮಾಡ್ಯುಲೇಟರ್ ಲೆವೆಲ್ 80, ಅದರ ಒಂದನೇ ರೇಟ್ 50-60. ಕ್ಯಾರಿಯರ್ ಅದಕ್ಕಿಂತ ಸ್ವಲ್ಪ ಬೇಗ. ಹೊಳಪು ಒಂದು ಗಳಿಗೆ ತಡವಾಗಿ ಅರಳುತ್ತದೆ. ಆ ತಡವೇ ತುತ್ತೂರಿ.

ಈಗ ಆ ಪಿಯಾನೋ

ಅಲ್ಗಾರಿದಮ್ ಅಂದರೆ ಆರು ಆಪರೇಟರ್‌ಗಳನ್ನು ಜೋಡಿಸುವ ನಕ್ಷೆ. ಒಟ್ಟು 32 ಇವೆ. ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಐದನೆಯದು ಸಾಕು. ಅದರಲ್ಲಿ ಮೂರು ಜೋಡಿ: 2 ಒಂದನ್ನು, 4 ಮೂರನ್ನು, 6 ಐದನ್ನು ಅಲುಗಾಡಿಸುತ್ತದೆ. ನೀವು ಈವರೆಗೆ ಕಲಿತದ್ದೇ ಮೂರು ಸಲ.

1-2 ಜೋಡಿ ಟಿಣ್‌ಗೆ. ಮಾಡ್ಯುಲೇಟರ್ 14.00, ಲೆವೆಲ್ 58, ಎರಡನೇ ರೇಟ್ 50ರ ಸುಮಾರು, ಬೇಗ ಆರಲಿ. 3-4 ಜೋಡಿ ಮೈಗೆ. ಎರಡೂ 1.00, ಮಾಡ್ಯುಲೇಟರ್ 89, ಎರಡನೇ ರೇಟ್ 20ರಿಂದ 30, ಲೆವೆಲ್ ಮೆಲ್ಲಗೆ ಇಳಿಯಲಿ. 5-6 ಜೋಡಿ ಅದರದೇ ನಕಲು. ಮಾಡ್ಯುಲೇಟರ್ ಮಾತ್ರ 79, ಶೃತಿ ಚೂರು ಸರಿಸುವ ಡಿಟ್ಯೂನ್ ಒಂದಕ್ಕೆ ಮೈನಸ್ 7, ಇನ್ನೊಂದಕ್ಕೆ ಪ್ಲಸ್ 7. ಸಣ್ಣ ಅಲೆಯಾಟ ಬರುತ್ತದೆ. ಫೀಡ್‌ಬ್ಯಾಕ್ (ಆರನೇ ಆಪರೇಟರ್ ತನ್ನನ್ನೇ ಅಲುಗಾಡಿಸುವುದು) 6.

ಇನ್ನು ಕೀ ವೆಲಾಸಿಟಿ, ಅಂದರೆ ಕೀ ಒತ್ತುವ ಜೋರಿಗೆ ಆಪರೇಟರ್ ಎಷ್ಟು ಸ್ಪಂದಿಸಬೇಕು ಅನ್ನುವುದು. ಎರಡನೇ ಆಪರೇಟರ್‌ಗೆ 7, 4 ಮತ್ತು 6ಕ್ಕೆ 5-6 ಕೊಡಿ. ಕ್ಯಾರಿಯರ್‌ಗಳಿಗೆ ಕಡಿಮೆ. ಮೆಲ್ಲಗೆ ಒತ್ತಿದರೆ ಮಂದ ನಾದ, ಗುದ್ದಿದರೆ ಟಿಣ್ ಸಿಡಿಯುತ್ತದೆ. ಇದನ್ನು ಮಾಡದೆ ಬಿಟ್ಟರೆ ಪಿಯಾನೋ ಸತ್ತ ಹಾಗಿರುತ್ತದೆ, ನಂಬರ್ ಎಷ್ಟೇ ಸರಿ ಇದ್ದರೂ. ಹಳೆಯ ರೆಕಾರ್ಡಿಂಗ್‌ನ ಅಗಲ ಬೇಕಾದರೆ ಹೊರಗಿನಿಂದ ಕೋರಸ್ ಎಫೆಕ್ಟ್ ಹಾಕಿ. ಡಿಎಕ್ಸ್7ನಲ್ಲಿ ಎಫೆಕ್ಟ್ ಇರಲೇ ಇಲ್ಲ, ಔಟ್‌ಪುಟ್ಟೂ ಮೊನೋ.

ಇಳಿಸಿಕೊಂಡ ಪ್ಯಾಚ್‌ಗಳು ನಿಮ್ಮ ಕೀಬೋರ್ಡಿನಲ್ಲಿ ಕಿರುಚುತ್ತವೆಯಾ? ಅದಕ್ಕೆ ಕಾರಣ ಇದೆ. ಮೂಲ ಡಿಎಕ್ಸ್7ನ ಕೀಗಳು ಎಷ್ಟೇ ಗುದ್ದಿದರೂ ಮಿಡಿ ವೆಲಾಸಿಟಿಯ ತುದಿಯಾದ 127 ಮುಟ್ಟುತ್ತಿರಲಿಲ್ಲ. ಇಂದಿನ ಕೀಬೋರ್ಡ್‌ಗಳು ಸುಲಭವಾಗಿ ಮುಟ್ಟುತ್ತವೆ. ಕೀಬೋರ್ಡಿನ ವೆಲಾಸಿಟಿ ಕರ್ವ್ ಸ್ವಲ್ಪ ತಗ್ಗಿಸಿ, ಸರಿಹೋಗುತ್ತದೆ. ಮೇಲಿನ ಆಕ್ಟೇವ್‌ನಲ್ಲಿ ಮಾತ್ರ ಚುಚ್ಚಿದರೆ ಮಾಡ್ಯುಲೇಟರ್‌ನ ಲೆವೆಲ್ ಸ್ಕೇಲಿಂಗ್ (ಕೀಬೋರ್ಡಿನ ಜಾಗಕ್ಕೆ ತಕ್ಕಂತೆ ಲೆವೆಲ್ ಬದಲಿಸುವ ಸೆಟ್ಟಿಂಗ್) ಬಳಸಿ ಬಲಗಡೆ ಇಳಿಸಿ.

ಹಳೆಯ ಯಂತ್ರವನ್ನೇ ಕೊಳ್ಳುವ ಆಸೆ ಇದ್ದರೆ ಎರಡು ವಿಷಯ ನೋಡಿ. ಬಟನ್ ಎಲ್ಲಾ ಒತ್ತಿ ಪರೀಕ್ಷೆ ಮಾಡಿ. ಒಳಗಿನ ಬ್ಯಾಟರಿ ಬೋರ್ಡಿಗೆ ಬೆಸುಗೆ ಹಾಕಿರುತ್ತದೆ, ಅದು ಸತ್ತರೆ ಪ್ಯಾಚ್ ಎಲ್ಲಾ ಹೋಗುತ್ತದೆ. ಬದಲಿಸಿದ್ದಾರಾ ಅಂತ ಕೇಳಿ. ಸ್ಟೇಜ್‌ಗೆ ಅಂತಾದರೆ ನಾನು ಬೇಡ ಅನ್ನುತ್ತೇನೆ. ಭಾರ, ಬೆಲೆಯೂ ಜಾಸ್ತಿ. ಕಾರ್ಗ್‌ನ ವೋಲ್ಕಾ ಎಫ್‌ಎಂ ಅಂಗೈ ಮೇಲೆ ಕೂರುತ್ತದೆ, ಅದೇ ಪ್ಯಾಚ್ ಓದುತ್ತದೆ. ಆದರೆ ಮೊದಲ ಮಾದರಿಯಲ್ಲಿ ಒಟ್ಟಿಗೆ ಮೂರೇ ಸ್ವರ. ಪಿಯಾನೋಗೆ ಸಾಲದು, ಬಾಸ್‌ಗೆ ಭರ್ಜರಿ.

ಮಾಡಿದ್ದನ್ನು ಡೆಕ್ಸ್ಡ್‌ನಲ್ಲಿ ಸ್ಟೋರ್ ಒತ್ತಿ ಉಳಿಸಿ. ಒಂದು ಬ್ಯಾಂಕಿನಲ್ಲಿ 32 ಜಾಗ, ಹೆಸರಿಗೆ ಹತ್ತೇ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಹೆಸರಿನ ಕೊನೆಗೆ ಒಂದು ನಂಬರ್ ಸೇರಿಸಿ, ತಿದ್ದಿದಾಗೆಲ್ಲ ಅದನ್ನು ಏರಿಸಿ. ಹಳೆಯದರ ಮೇಲೆ ಬರೆಯಬೇಡಿ.