ಕಡಿಯುವ ಮುನ್ನವೇ ಮರದ ತೂಕ: ಖಾನಾಪುರದಲ್ಲಿ ನಾನು ಹಾಕಿದ ಲೆಕ್ಕ

ಕಳೆದ ಮಾರ್ಚ್ ಕೊನೆಯ ವಾರ ಖಾನಾಪುರ ತಾಲ್ಲೂಕಿನ ಒಂದು ಮಾಲ್ಕಿ ಜಮೀನಿನಲ್ಲಿ ಅನುಮತಿ ಪಡೆದು ಕಡಿದ ಮತ್ತಿ ಮರದ ಒಣ ತೂಕ (ನೀರಿನಂಶ ಕಳೆದ ತೂಕ) 3.45 ಟನ್ನಿನ ಆಸುಪಾಸಿಗೆ ಬಂದಿತು. ಮರ ನಿಂತಿರುವಾಗಲೇ ಲೇಸರ್ ಸ್ಕ್ಯಾನರಿನಿಂದ ಅದರ ಗಾತ್ರ ಅಳೆದು, ಕಟ್ಟಿಗೆಯ ಸಾಂದ್ರತೆಯಿಂದ ಗುಣಿಸಿ ನಾನು ಜಮೀನಿನ ಯಜಮಾನರ ಕೈಯಲ್ಲಿ ಬರೆದುಕೊಟ್ಟಿದ್ದ ಅಂಕಿ 3.54 ಟನ್. ನೂರಕ್ಕೆ ಮೂರರೊಳಗಿನ ಈ ಅಂತರಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ.

ನಂಬದವರಲ್ಲಿ ಮೊದಲಿಗರು ನನಗೆ ಬಹುಕಾಲದಿಂದ ಪರಿಚಯವಿರುವ ಸಾಮಿಲ್ ಮಾಲೀಕರು. "ತೂಕ ತಕ್ಕಡಿಗಿ ಗೊತ್ತಾಗತೈತ್ರಿ, ಬೆಳಕಿಗಿ ಹೆಂಗ ಗೊತ್ತಾಗತೈತಿ ಸರ?" ಎಂದು ಅವರು ಕೇಳಿದ್ದರು. ಅವರ ಅನುಮಾನಕ್ಕೆ ಕಾರಣವೂ ಇತ್ತು. ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುತ್ತಾರೆ. ಆ ಲೆಕ್ಕದಲ್ಲಿ ನಿಜವಾದ ಗಾತ್ರದ ನೂರಕ್ಕೆ 78.5 ಪಾಲು ಮಾತ್ರ ಸಿಗುತ್ತದೆ. ಆದ್ದರಿಂದ ನನ್ನ ಅಂಕಿ ಪ್ರತಿ ಸಲವೂ ಅವರ ಅಂಕಿಗಿಂತ ಒಂದೂಕಾಲು ಪಟ್ಟು ಕಾಣಿಸುತ್ತಿತ್ತು.

ಆದರೆ ನನ್ನ ಮೊದಲ ಪ್ರಯತ್ನಗಳು ನಿಜಕ್ಕೂ ಕೆಟ್ಟಿದ್ದವು. ಮಳೆಗಾಲ ಮುಗಿದೊಡನೆ ಅಕ್ಟೋಬರಿನಲ್ಲಿ ಸ್ಕ್ಯಾನ್ ಮಾಡಿದೆ. ಎಲೆ ತುಂಬಿದ್ದವು, ಗಾಳಿಯೂ ಇತ್ತು. ತಂತ್ರಾಂಶವು ಎಲೆಗೊಂಚಲುಗಳನ್ನು ದಪ್ಪ ಕೊಂಬೆಗಳೆಂದು ತಿಳಿದು ಗಾತ್ರವನ್ನು ನೂರಕ್ಕೆ ಮೂವತ್ತರಷ್ಟು ಹಿಗ್ಗಿಸಿತು. ಎರಡನೆಯ ಸಲ, ಬೇರೆ ಬೇರೆ ಕಡೆಯ ಸ್ಕ್ಯಾನುಗಳನ್ನು ಒಂದಕ್ಕೊಂದು ಹೊಂದಿಸಲು ಇಡುವ ಗುರುತಿನ ಗೋಲಗಳನ್ನು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಇಟ್ಟುಬಿಟ್ಟಿದ್ದೆನಾದ್ದರಿಂದ ಏಳು ಕಡೆಗಳಿಂದ ತೆಗೆದ ಸ್ಕ್ಯಾನುಗಳು ಒಂದಕ್ಕೊಂದು ಕೂಡದೆ, ಕಾಂಡಕ್ಕೆ ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಎರಡು ತೊಗಟೆ ಮೂಡಿದವು. ಸ್ಕ್ಯಾನರಿನ ಬಾಡಿಗೆ ದಿನಕ್ಕೆ ಒಂಬತ್ತು ಸಾವಿರ ಇದ್ದೀತು. ಅಂತಹ ಎಂಟು ದಿನಗಳು ವ್ಯರ್ಥವಾದವು. ಒಟ್ಟು ಏಳು ಮರಗಳಿಗೆ ಕೈಯಿಂದ ಒಂದು ಲಕ್ಷ ತೊಂಬತ್ತು ಸಾವಿರದಷ್ಟು ಹೋಗಿದೆ, ಅದರಲ್ಲಿ ಅರ್ಧ ಕಲಿಕೆಗೆ ತೆತ್ತದ್ದು.

ಮಾರ್ಚ್ ತಿಂಗಳನ್ನು ಆರಿಸಿಕೊಂಡ ಮೇಲೆ ಎರಡು ತೊಡಕುಗಳು ಒಮ್ಮೆಲೇ ಬಿಡಿಸಿಕೊಂಡವು. ಮತ್ತಿ ಆಗ ಬೋಳಾಗಿ ನಿಂತಿರುತ್ತದೆ. ಕಬ್ಬು ನುರಿಸುವ ಹಂಗಾಮು ಮುಗಿಯುವುದರಿಂದ ಕಬ್ಬು ತೂಗುವ ಕಾಟಾದಲ್ಲಿ ಟ್ರಾಲಿಗಳ ಸಾಲೂ ಇರುವುದಿಲ್ಲ. ಕಡಿದ ಮರವನ್ನು ರೆಂಬೆ ಸಮೇತ ಟ್ರಾಲಿಗೆ ಹೇರಿ ಅಲ್ಲಿಯೇ ತೂಗಿಸಿದೆವು. ಹಸಿ ತೂಕ ಆರು ಟನ್ನಿನ ಹತ್ತಿರ ಬಂದಿತು. ಪ್ರತಿ ಹೇರಿನಿಂದಲೂ ಬಿಲ್ಲೆಗಳನ್ನು ಕೊಯ್ದು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ, ಅಂದರೆ ಮೂರು ದಿನ, ಒಣಗಿಸಿ ತೇವಾಂಶ ಕಳೆದೆ.

ಲೇಸರ್ ಕೊಟ್ಟ ಗಾತ್ರ 5.2 ಘನ ಮೀಟರ್. ಇಲ್ಲಿಯವರೆಗೆ ಬಂದವರಲ್ಲಿ ಅನೇಕರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮರಗಳ ಸಾಂದ್ರತೆಯ ಪಟ್ಟಿಯಲ್ಲಿ ಮತ್ತಿಗೆ ಕೊಟ್ಟಿರುವ 0.74 (ಘನ ಮೀಟರಿಗೆ ಟನ್) ಎಂಬ ಅಂಕಿಯಿಂದ ಗುಣಿಸಿದ್ದರೆ 3.85 ಟನ್ ಬರುತ್ತಿತ್ತು, ಅಂದರೆ ನೂರಕ್ಕೆ ಹನ್ನೆರಡರಷ್ಟು ಹೆಚ್ಚು. ನಾನು ನಿಂತ ಮರದ ಎದೆಮಟ್ಟದಲ್ಲಿ ಬೋರರ್ (ಟೊಳ್ಳು ಬೈರಿಗೆ) ಹಾಕಿ ತಿರುಳಿನವರೆಗಿನ ಕಟ್ಟಿಗೆಯ ತೆಳು ಕಡ್ಡಿ ತೆಗೆದೆ, ಮರ ಹತ್ತುವವರಿಂದ ಮೂರು ಎತ್ತರಗಳಲ್ಲಿ ಕೊಂಬೆಯ ತುಂಡುಗಳನ್ನು ಇಳಿಸಿಕೊಂಡೆ, ಮೊಸಳೆಯ ಚರ್ಮದಂತಹ ಆ ದಪ್ಪ ತೊಗಟೆಯನ್ನು ಬೇರೆಯಾಗಿಯೇ ಅಳೆದೆ. ಎಲ್ಲವನ್ನೂ ಅವುಗಳ ಗಾತ್ರದ ಪಾಲಿಗೆ ತಕ್ಕಂತೆ ಕೂಡಿಸಿದಾಗ ಸರಾಸರಿ 0.68 ಬಂದಿತು. ಮೊದಲ ವರ್ಷ ಇದರಲ್ಲಿಯೂ ತಪ್ಪಿದ್ದೆ: ಖಾನಾಪುರದಿಂದ ಬೆಳಗಾವಿಗೆ ಬರುವಷ್ಟರಲ್ಲಿ ಬಿಸಿಲಿಗೆ ಕಡ್ಡಿಗಳು ಸೊರಗಿ ಗಾತ್ರ ಕುಗ್ಗಿ ಸಾಂದ್ರತೆ ಸುಳ್ಳಾಗಿ ಏರಿತ್ತು. ಒಣ ತೂಕವನ್ನು ಭಾಗಿಸಬೇಕಾದದ್ದು ಹಸಿ ಗಾತ್ರದಿಂದ. ಆದ್ದರಿಂದ ಈಗ ಮರದ ಬುಡದಲ್ಲಿಯೇ ನೀರಿನಲ್ಲಿ ಮುಳುಗಿಸಿ ಗಾತ್ರ ತೆಗೆಯುತ್ತೇನೆ.

ಗಾತ್ರ ಕಟ್ಟಲು ಬಳಸಿದ್ದು ಟ್ರೀಕ್ಯೂಎಸ್ಎಂ, ಸ್ಕ್ಯಾನಿನಲ್ಲಿ ಕಂಡ ಕಾಂಡ ಕೊಂಬೆಗಳಿಗೆ ಸಿಲಿಂಡರುಗಳನ್ನು ಹೊಂದಿಸಿ ಗಾತ್ರ ಹೇಳುವ ತಂತ್ರಾಂಶ. ಒಂದೇ ಮರಕ್ಕೆ ಪ್ರತಿ ಸಲ ಬೇರೆ ಉತ್ತರ ಕೊಡುವುದರಿಂದ ಹಲವು ಸಲ ನಡೆಸಿ ಸರಾಸರಿ ಹಿಡಿಯಬೇಕು. ಸಣ್ಣ ರೆಂಬೆಗಳನ್ನು ಅದು ಯಾವಾಗಲೂ ದಪ್ಪವಾಗಿ ಕಾಣುತ್ತದೆ. ಎಷ್ಟು ದಪ್ಪದಿಂದ ಕೆಳಗೆ ಹೇಗೆ ತಿದ್ದಬೇಕೆಂಬ ನನ್ನ ಕ್ರಮವನ್ನು ಇನ್ನೂ ಹತ್ತು ಮರಗಳಲ್ಲಿ ಪರೀಕ್ಷಿಸುವವರೆಗೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಏಕೆ, ವ್ಯಾಸ, ಎತ್ತರ, ಸಾಂದ್ರತೆಗಳಿಂದ ಮರದ ಒಣ ತೂಕ ಅಂದಾಜು ಮಾಡುವ 2014ರ ಶಾವ್ ಸೂತ್ರವೇ ಸಾಲದೇ ಎಂದು ಒಬ್ಬ ಸಹೋದ್ಯೋಗಿ ಕೇಳಿದ್ದರು. 4,004 ಮರಗಳ ಮೇಲೆ ನಿಂತ ಆ ಸೂತ್ರ ಈ ಮತ್ತಿಗೆ 3.35 ಟನ್ ಕೊಟ್ಟಿತು, ಅದನ್ನು ಒಪ್ಪಬೇಕು. ಆದರೆ ಹೊಲದ ಬದುವಿನಲ್ಲಿ ಒಂಟಿಯಾಗಿ ಹರಡಿದ್ದ, ಹತ್ತಿರ ಹತ್ತಿರ ಒಂದು ಮೀಟರ್ ವ್ಯಾಸದ, ಹದಿನಾಲ್ಕೇ ಮೀಟರ್ ಎತ್ತರದ ಮಾವಿಗೆ ಅದು 3.9 ಟನ್ನಿನ ಒಳಗೇ ನಿಂತಿತು. ಕಾಟಾದ ತೂಕದಿಂದ ಬಂದ ಒಣ ತೂಕ 5.1, ನನ್ನ ಲೆಕ್ಕ 5.2. ಕೊಂಬೆಗಳ ಹರವು ಸೂತ್ರಕ್ಕೆ ಕಾಣುವುದಿಲ್ಲ, ಲೇಸರಿಗೆ ಕಾಣುತ್ತದೆ.

ನಡುವೆ ಒಂದು ಬೂರುಗವನ್ನೂ ಅಳೆದೆ. ಸಾಂದ್ರತೆ 0.33ರ ಆಸುಪಾಸು, ಬುಡದ ರೆಕ್ಕೆಗಳು ಸಿಲಿಂಡರಿಗೆ ಹೊಂದದ ಕಾರಣ ಆ ಭಾಗಕ್ಕೆ ಮಾತ್ರ ಕ್ಲೌಡ್‌ಕಂಪೇರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮೇಲ್ಮೈಯ ಜಾಲ ಹೆಣೆದು ಗಾತ್ರ ತೆಗೆದೆ. ಏಳರಲ್ಲಿ ಆರು ಮರಗಳು ನೂರಕ್ಕೆ ಹತ್ತರೊಳಗೆ ಕೂಡಿದವು. ಏಳನೆಯದೂ ಮತ್ತಿಯೇ, ಒಳಗೆ ಟೊಳ್ಳಾಗಿತ್ತು. ಲೇಸರ್ ತೊಗಟೆಯನ್ನಷ್ಟೇ ನೋಡುವುದರಿಂದ ಲೆಕ್ಕ ಐದನೆಯ ಒಂದು ಪಾಲು ಹೆಚ್ಚಾಯಿತು. ಈಗ ಸ್ಕ್ಯಾನಿಗೆ ಮುನ್ನ ಕಾಂಡವನ್ನು ಸುತ್ತಲೂ ಕೊಡತಿಯಿಂದ ಬಡಿದು ದನಿ ಕೇಳುತ್ತೇನೆ, ಅನುಮಾನ ಬಂದರೆ ಎರಡು ದಿಕ್ಕಿನಿಂದ ಬೋರರ್ ಹಾಕುತ್ತೇನೆ.

ಮತ್ತಿಯ ತೂಕದ ಚೀಟಿಯನ್ನು ಸಾಮಿಲ್ ಮಾಲೀಕರು ಎರಡು ಸಲ ಓದಿದರು. ಈಗ ಹೊಸ ಮಾಲು ಬಂದಾಗ ಅವರೇ ಫೋನ್ ಮಾಡುತ್ತಾರೆ: "ಜಂಬಿ ದಿಮ್ಮಿ ಬಂದೈತ್ರಿ, ಕೊಯ್ಯೂಕಿಂತ ಮೊದಲ ಬಿಲ್ಲಿ ಬೇಕೇನು?"