ಸರ್ವರ್ ನಿಂತಿದೆಯೇ? ರೀಸ್ಟಾರ್ಟ್‌ಗೂ ಮೊದಲು ಎಸ್‌ಟ್ರೇಸ್ ಹಾಕಿ ನೋಡಿ

ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿಯ ಮೊದಲ ಮಂತ್ರ ಒಂದೇ: "ಬಂದ್ ಮಾಡಿ ಚಾಲೂ ಮಾಡ್ರಿ." ಗಂಜ್‌ನ ಅಡತ್ ಅಂಗಡಿ ಇರಲಿ, ದಾಲ್ ಮಿಲ್ಲಿನ ಆಫೀಸ್ ಇರಲಿ, ಕಾಲೇಜಿನ ಲ್ಯಾಬ್ ಇರಲಿ, ಪ್ರೋಗ್ರಾಮ್ ಹ್ಯಾಂಗ್ ಆಯಿತು ಅಂದರೆ ರೀಸ್ಟಾರ್ಟ್. ಒಂದಿಷ್ಟು ಹೊತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ನಿಲ್ಲುತ್ತದೆ. ಯಾಕೆ ನಿಂತಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿ ರೀಸ್ಟಾರ್ಟ್ ಜೊತೆಗೇ ಹೋಗಿಬಿಟ್ಟಿರುತ್ತದೆ.

ಸರ್ವರ್ ಲಿನಕ್ಸ್ ಆಗಿದ್ದರೆ ಆ ಸಾಕ್ಷಿ ಹಿಡಿಯಲು ಹಳೆಯ, ಗಟ್ಟಿ ಉಪಕರಣ ಒಂದಿದೆ. ಹೆಸರು ಎಸ್‌ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಇದನ್ನು ಸನ್‌ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ಗೆ ಬರೆದರು, ಆಮೇಲೆ ಲಿನಕ್ಸ್‌ಗೂ ಬಂತು. ಯಾವ ಪ್ರೋಗ್ರಾಮೂ ಡಿಸ್ಕನ್ನಾಗಲಿ ನೆಟ್‌ವರ್ಕನ್ನಾಗಲಿ ತಾನೇ ಮುಟ್ಟುವಂತಿಲ್ಲ. ಫೈಲ್ ತೆರೆಯಬೇಕು, ಡೇಟಾ ಕಳಿಸಬೇಕು ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೇಳಬೇಕು. ಹೀಗೆ ಕೇಳುವುದಕ್ಕೆ ಸಿಸ್ಟಮ್ ಕಾಲ್ ಅನ್ನುತ್ತಾರೆ. ಈ ಕಾಲ್‌ಗಳನ್ನು ಒಂದೊಂದು ಸಾಲಾಗಿ ಬರೆದು ತೋರಿಸುವುದೇ ಎಸ್‌ಟ್ರೇಸ್ ಕೆಲಸ. ಗಂಜ್‌ನಲ್ಲಿ ಪ್ರತಿ ಚೀಲವೂ ತೂಕದ ಕಾಟಾ ಮೇಲೆ ಹತ್ತಿ ಇಳಿಯಬೇಕಲ್ಲ, ಹಾಗೆ. ಕಾಟಾ ಪಕ್ಕ ನಿಂತವನಿಗೆ ಅಂಗಡಿಯ ಲೆಕ್ಕದ ಪುಸ್ತಕ ಬೇಕಾಗುವುದಿಲ್ಲ. ಎಸ್‌ಟ್ರೇಸ್‌ಗೂ ಪ್ರೋಗ್ರಾಮಿನ ಸೋರ್ಸ್ ಕೋಡ್ ಬೇಡ.

ಒಂದು ಸೂಚನೆ. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಿರಿ. "ದೊಡ್ಡ" ಅಂದಲ್ಲಿ ಕ್ಯಾಪಿಟಲ್ ಅಕ್ಷರ, ಉಳಿದದ್ದೆಲ್ಲ ಚಿಕ್ಕದು.

ಹಂತ 1: ಹಾಕಿಕೊಳ್ಳಿ

ಉಬುಂಟು, ಡೆಬಿಯನ್ ಆದರೆ "ಸುಡೋ ಆಪ್ಟ್ ಇನ್‌ಸ್ಟಾಲ್ ಎಸ್‌ಟ್ರೇಸ್". ಫೆಡೋರಾ ಕಡೆಯವರಿಗೆ ಆಪ್ಟ್ ಬದಲು ಡಿಎನ್‌ಎಫ್. ಹ್ಯಾಂಗ್ ಆದ ದಿನ ನೆಟ್ ಇರುತ್ತದೆ ಅನ್ನುವ ಭರವಸೆ ಇಲ್ಲ, ಇವತ್ತೇ ಹಾಕಿಡಿ.

ಹಂತ 2: ಪಿಐಡಿ ಹುಡುಕಿ

"ಪಿಗ್ರೆಪ್ -ಎಫ್" ಅಂತ ಹೊಡೆದು ಪ್ರೋಗ್ರಾಮಿನ ಹೆಸರು ಕೊಟ್ಟರೆ ನಂಬರ್ ಬರುತ್ತದೆ. ಓಡುತ್ತಿರುವ ಪ್ರೋಗ್ರಾಮಿಗೆ ಲಿನಕ್ಸ್ ಕೊಟ್ಟ ಈ ನಂಬರೇ ಪಿಐಡಿ. 4312 ಬಂತು ಅಂತಿಟ್ಟುಕೊಳ್ಳಿ. ಪ್ರೋಗ್ರಾಮ್ ಡಾಕರ್ (ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಒಳಗಿದ್ದರೆ ಒಳಗಿನ ನಂಬರ್ ಬೇರೆ, ಹೊರಗಿನದು ಬೇರೆ. ಹೊರಗಿನ ಮಷೀನಿನಲ್ಲಿ ಕಾಣುವ ನಂಬರನ್ನೇ ಹಿಡಿದು ಹೊರಗಿನಿಂದಲೇ ನೋಡಿ. ಕಂಟೇನರ್ ಒಳಗೆ ಎಸ್‌ಟ್ರೇಸ್ ತುರುಕುವ ಸಾಹಸ ಬೇಡ.

ಹಂತ 3: ಅಂಟಿಸಿ

ಓಡುತ್ತಿರುವ ಪ್ರೋಗ್ರಾಮಿಗೆ ಎಸ್‌ಟ್ರೇಸ್ ಅಂಟಿಸಲು ನಾನು ಹಾಕುವ ಕಮಾಂಡ್ ಯಾವಾಗಲೂ ಇದೇ:

ಸುಡೋ ಎಸ್‌ಟ್ರೇಸ್ -ಎಫ್ -ಟಿಟಿ -(ದೊಡ್ಡ) ಟಿ -ವೈವೈ -ಎಸ್ 200 -ಓ /ಟಿಎಂಪಿ/ಜಾಡು.ಟಿಎಕ್ಸ್‌ಟಿ -ಪಿ 4312

ಉದ್ದ ಇದೆ, ನಿಜ. ಆದರೂ ಇಷ್ಟೂ ಹಾಕಿ. ಬರೀ "ಎಸ್‌ಟ್ರೇಸ್ -ಪಿ" ಅಂತ ಹೊಡೆದು ಪರದೆ ನೋಡುತ್ತಾ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಕಾಣುವುದು ಒಂದೇ ಸಾಲು, ಅದೂ ತಪ್ಪು ಸಾಲು.

-ಎಫ್ ಇಲ್ಲದಿದ್ದರೆ ಒಂದೇ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಓಡುವ ಕೆಲಸದ ಒಂದೇ ಎಳೆ ಕಾಣುತ್ತದೆ. ಜಾವಾ ಪ್ರೋಗ್ರಾಮಿನಲ್ಲಿ ಹತ್ತಾರು ಥ್ರೆಡ್ ಇರುತ್ತವೆ. ಅದರ ಮೊದಲ ಥ್ರೆಡ್ ಮಾಡುವ ಕೆಲಸ ಏನು ಗೊತ್ತಾ? ಬೇರೆ ಥ್ರೆಡ್ ಮುಗಿಯಲಿ ಅಂತ ಸುಮ್ನೆ ಕಾಯುವುದು. ಅಲ್ಲಿ ಫ್ಯೂಟೆಕ್ಸ್ ಅನ್ನುವ, ಬೇರೆ ಥ್ರೆಡ್‌ಗಾಗಿ ಕಾಯುವ ಕಾಲ್ ಕಾಣುತ್ತದೆ. ತಕ್ಷಣ "ಸರ, ಡೆಡ್‌ಲಾಕ್ ಆಗ್ಯಾದ್ರಿ" ಅಂತ ಫೋನ್ ಬರುತ್ತದೆ. ಡೆಡ್‌ಲಾಕ್ ಅಂದರೆ ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ಎಲ್ಲವೂ ನಿಂತುಬಿಡುವುದು. ಅದು ಆಗಿರುವುದಿಲ್ಲ. ಆ ಥ್ರೆಡ್ ಚೆನ್ನಾಗಿ ಓಡುವ ದಿನವೂ ಅಲ್ಲೇ ಕೂತಿರುತ್ತದೆ.

-ಟಿಟಿ ಹಾಕಿದರೆ ಪ್ರತಿ ಸಾಲಿಗೂ ಗಂಟೆ, ನಿಮಿಷ, ಸೆಕೆಂಡು. ದೊಡ್ಡ ಟಿ ಹಾಕಿದರೆ ಆ ಕಾಲ್‌ಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಸಾಲಿನ ಕೊನೆಗೆ. -ವೈವೈ ಹಾಕಿದರೆ, ತೆರೆದ ಫೈಲಿಗೆ ಕರ್ನಲ್ ಕೊಡುವ 7, 12 ಅನ್ನುವ ಬರೀ ನಂಬರಿನ ಜೊತೆ ಫೈಲಿನ ಹೆಸರು, ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಆದರೆ ಐಪಿ ವಿಳಾಸ ಮತ್ತು ಪೋರ್ಟ್.

-ಓ ಹಾಕಿದರೆ ಸಾಲುಗಳು ಪರದೆಯ ಬದಲು ಫೈಲಿಗೆ ಹೋಗುತ್ತವೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಸ್‌ಟ್ರೇಸ್ ತನ್ನ ಸಾಲುಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ, ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಅಲ್ಲ. ಪೈಪ್ ಹಾಕಿ ಗ್ರೆಪ್ (ಬೇಕಾದ ಸಾಲು ಹುಡುಕುವ ಕಮಾಂಡ್) ಮಾಡುತ್ತೀರಿ, ಆದರೂ ಎಲ್ಲಾ ಸಾಲೂ ಪರದೆ ಮೇಲೆ ಸುರಿಯುತ್ತದೆ. "ಗ್ರೆಪ್ ಕೆಲಸ ಮಾಡವಲ್ದು" ಅಂತ ಬೈಯುವವರಿಗೆ ಕಾರಣ ಇದೇ. ಪೈಪಿನ ಮೊದಲು 2>&1 ಹಾಕಿದರೂ ನಡೆಯುತ್ತದೆ. ನನಗೆ ಫೈಲೇ ಇಷ್ಟ. ಆಮೇಲೆ ಎಷ್ಟು ಸಲ ಬೇಕಾದರೂ ಹುಡುಕಬಹುದು.

-ಎಸ್ 200 ಕನ್ನಡದವರಿಗೆ ಬೇಕೇ ಬೇಕು. ಸುಮ್ಮನೆ ಬಿಟ್ಟರೆ ಎಸ್‌ಟ್ರೇಸ್ ಯಾವುದೇ ಪಠ್ಯದ ಮೊದಲ 32 ಬೈಟ್ ಮಾತ್ರ ತೋರಿಸುತ್ತದೆ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಹತ್ತು ಚಿಹ್ನೆಗೆ ಪಠ್ಯ ಕತ್ತರಿಸಿ ಹೋಗುತ್ತದೆ. ಒತ್ತಕ್ಷರ, ಮಾತ್ರೆ ಎಲ್ಲವೂ ಬೇರೆ ಬೇರೆ ಲೆಕ್ಕ, ಹಾಗಾಗಿ ರೈತರ ಹೆಸರೂ ಪೂರ್ತಿ ಬರುವುದಿಲ್ಲ. ಬಂದರೂ ಕನ್ನಡದಲ್ಲಿ ಬರುವುದಿಲ್ಲ, \340\262 ಅಥವಾ \340\263 ಎಂದು ಶುರುವಾಗುವ ಅಂಕಿಗಳಾಗಿ ಬರುತ್ತದೆ. ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದೇ ಕನ್ನಡ. ಜಾಡಿನ ಫೈಲಿನಲ್ಲಿ ಕನ್ನಡ ಹೆಸರು ಹುಡುಕಿದರೆ ಸಿಗುವುದಿಲ್ಲ. ಬಿಲ್ ನಂಬರನ್ನೋ ಮೊತ್ತವನ್ನೋ ಹುಡುಕಿ.

ಅಂಟಿಸುವಾಗ "ಆಪರೇಷನ್ ನಾಟ್ ಪರ್ಮಿಟೆಡ್" ಅಂದರೆ? ಮೊದಲು ಸುಡೋ ಹಾಕಿದ್ದೀರಾ ನೋಡಿ. ಉಬುಂಟುವಿನಲ್ಲಿ ಯಾಮಾ ಅನ್ನುವ ಕಾವಲು ಇದೆ. ಪ್ರೋಗ್ರಾಮ್ ನಿಮ್ಮದೇ ಆದರೂ ಸುಡೋ ಇಲ್ಲದೆ ಅಂಟಿಸಲು ಅದು ಬಿಡುವುದಿಲ್ಲ. ಅದನ್ನು ಸೊನ್ನೆಗೆ ಇಳಿಸಿ ಪೂರ್ತಿ ತೆಗೆದುಬಿಡಿ ಅನ್ನುವ ಸಲಹೆ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಕೇಳಬೇಡಿ, ಸುಡೋ ಸಾಕು. ಸುಡೋ ಹಾಕಿದರೂ ಆಗದಿದ್ದರೆ ಆ ಪ್ರೋಗ್ರಾಮಿಗೆ ಬೇರೆ ಯಾರೋ ಆಗಲೇ ಅಂಟಿಕೊಂಡಿರಬಹುದು. ಒಂದು ಪ್ರೋಗ್ರಾಮನ್ನು ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದು. /ಪ್ರಾಕ್/4312/ಸ್ಟೇಟಸ್ ಫೈಲಿನಲ್ಲಿ ಟ್ರೇಸರ್‌ಪಿಐಡಿ ಅನ್ನುವ ಸಾಲು ನೋಡಿ. ಸೊನ್ನೆ ಅಲ್ಲದಿದ್ದರೆ ಅಲ್ಲಿರುವ ನಂಬರೇ ಹಿಡಿದಿರುವವರ ಪಿಐಡಿ.

ಹಂತ 4: ಓದಿ

ಎಲ್ಲರೂ ಎಡವುವುದು ಇಲ್ಲೇ. ಫೈಲಿನಲ್ಲಿ ಸಾವಿರಾರು ಸಾಲು. ಪ್ರತಿ ಸಾಲಿನ ರಚನೆ ಒಂದೇ: ಕಾಲ್‌ನ ಹೆಸರು, ಕಂಸದೊಳಗೆ ಕೊಟ್ಟ ವಿವರ, ಸಮ ಚಿಹ್ನೆ, ಸಿಕ್ಕ ಉತ್ತರ. ಉತ್ತರ -1 ಆದರೆ ಪಕ್ಕದಲ್ಲೇ ಕಾರಣದ ಹೆಸರು.

ಮೊದಲ ತಪ್ಪು, -1 ಕಂಡಲ್ಲೆಲ್ಲ ಗಾಬರಿ. ಈನೋಎಂಟ್ ಅಂದರೆ "ಅಂಥ ಫೈಲ್ ಇಲ್ಲ". ಪ್ರೋಗ್ರಾಮುಗಳು ಒಂದು ಫೈಲನ್ನು ನಾಲ್ಕು ಕಡೆ ಹುಡುಕಿ ಐದನೆಯದರಲ್ಲಿ ಪಡೆಯುವುದು ದಿನನಿತ್ಯದ ಕೆಲಸ. ಆ ನಾಲ್ಕು ಸಾಲು ದೋಷವಲ್ಲ. ಈಅಗೇನ್ ಅಂದರೆ "ಈಗ ಏನೂ ಇಲ್ಲ, ಮತ್ತೆ ಬಾ". ಅದೂ ಮಾಮೂಲು. ನಿಜವಾದ ದೋಷ ಹಿಡಿಯಲು ತಿರುಗಿ ಓದಬೇಕು. ಪರದೆ ಮೇಲೆ ಬಂದ ಎರರ್ ಮಾತನ್ನು ಫೈಲಿನಲ್ಲಿ ಹುಡುಕಿ. ಅದನ್ನು ಬರೆದ ರೈಟ್ ಕಾಲ್ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಒಂದೊಂದೇ ಸಾಲು ಹತ್ತಿ. ಬಹಳ ಸಲ ಹತ್ತಿಪ್ಪತ್ತು ಸಾಲಿನೊಳಗೇ ಕಳ್ಳ ಸಿಗುತ್ತಾನೆ. ಈಆಕ್ಸೆಸ್ ಇದ್ದರೆ ಅನುಮತಿ ಇಲ್ಲ ಅಂತ ಅರ್ಥ, ಪಕ್ಕದಲ್ಲೇ ಫೈಲಿನ ಹೆಸರೂ ಇರುತ್ತದೆ. -ಎಫ್ ಹಾಕಿರುವುದರಿಂದ ಸಾಲಿನ ಮೊದಲಿಗೆ ಥ್ರೆಡ್ ನಂಬರ್ ಇರುತ್ತದೆ, ಅದೇ ನಂಬರಿನ ಸಾಲುಗಳನ್ನು ಮಾತ್ರ ಓದಿ. ಮಧ್ಯದಲ್ಲಿ ಬೇರೆ ಥ್ರೆಡ್ ಮೂಗು ತೂರಿಸಿದರೆ ಒಂದು ಕಾಲ್ ಎರಡು ತುಂಡಾಗಿ ಬರುತ್ತದೆ: ಮೊದಲ ತುಂಡಿನ ಕೊನೆಗೆ "ಅನ್‌ಫಿನಿಶ್ಡ್", ಎರಡನೆಯದರ ಮೊದಲಿಗೆ "ರೆಸ್ಯೂಮ್ಡ್". ಎರಡನ್ನೂ ಜೋಡಿಸಿ ಓದಬೇಕು.

ಎರರ್ ಇಲ್ಲದೆ ಸುಮ್ಮನೆ ನಿಂತ ಪ್ರೋಗ್ರಾಮ್ ಇನ್ನೂ ಕಷ್ಟ. ಅಲ್ಲಿ ಕೊನೆಯ ಸಾಲೇ ಎಲ್ಲ. ದೊಡ್ಡ ಟಿ ಕೊಡುವ ಹೊತ್ತು ಕಾಲ್ ಮುಗಿದ ಮೇಲೆ ಮಾತ್ರ ಬರುತ್ತದೆ ಅನ್ನುವುದು ನೆನಪಿರಲಿ. ಈಗಲೂ ನಿಂತಿರುವ ಕಾಲ್‌ಗೆ ಸಮ ಚಿಹ್ನೆಯೂ ಇಲ್ಲ, ಹೊತ್ತೂ ಇಲ್ಲ. ಅರ್ಧಕ್ಕೇ ನಿಂತ ಆ ಸಾಲನ್ನೇ ಹಿಡಿಯಬೇಕು.

ಅದು ಈಪೋಲ್ ವೇಟ್ ಅಥವಾ ಆಕ್ಸೆಪ್ಟ್ ಆಗಿದ್ದರೆ ಪ್ರೋಗ್ರಾಮ್ ಕೆಲಸ ಬರಲಿ ಅಂತ ಕಾಯುತ್ತಿದೆ. ಅದು ಹ್ಯಾಂಗ್ ಅಲ್ಲ. ನೀವು ಬಟನ್ ಒತ್ತಿದರೂ ಒಂದೂ ಹೊಸ ಸಾಲು ಬರದಿದ್ದರೆ ನಿಮ್ಮ ಬಟನ್ನಿನ ಮಾತು ಇಲ್ಲಿಗೆ ತಲುಪುತ್ತಲೇ ಇಲ್ಲ. ಕೇಬಲ್, ಫೈರ್‌ವಾಲ್, ಮುಂದಿನ ವೆಬ್ ಸರ್ವರ್, ಆ ಕಡೆ ಹುಡುಕಿ.

ರೀಡ್ ಅಥವಾ ರಿಸೀವ್‌ಫ್ರಮ್‌ನಲ್ಲಿ ನಿಂತಿದ್ದರೆ ಯಾರ ಉತ್ತರಕ್ಕೆ ಕಾಯುತ್ತಿದೆ ಅನ್ನುವುದೇ ಪ್ರಶ್ನೆ. -ವೈವೈ ಹಾಕಿದ್ದರೆ ಅಲ್ಲೇ ಇರುತ್ತದೆ. ಇಲ್ಲದಿದ್ದರೆ /ಪ್ರಾಕ್/4312/ಎಫ್‌ಡಿ ಫೋಲ್ಡರಿನಲ್ಲಿ ಆ ನಂಬರ್ ನೋಡಿ, ಫೈಲ್ ಆದರೆ ಹೆಸರು ಸಿಗುತ್ತದೆ; ಸಾಕೆಟ್ ಆದರೆ ಪೋರ್ಟ್ ಅಲ್ಲಿ ಕಾಣುವುದಿಲ್ಲ, ಅದಕ್ಕೆ -ವೈವೈ ಹಾಕಿ ಮತ್ತೆ ಹಿಡಿಯಿರಿ. ಪೋರ್ಟ್ 3306 ಇದ್ದರೆ ಅದು ಮೈಎಸ್‌ಕ್ಯೂಎಲ್. ಅಂದರೆ ನಿಮ್ಮ ಪ್ರೋಗ್ರಾಮಿನ ತಪ್ಪೇನೂ ಇಲ್ಲ. ಡೇಟಾಬೇಸಿಗೆ ಹೋಗಿ ಯಾವ ಕ್ವೆರಿ ಓಡುತ್ತಿದೆ ನೋಡಿ.

ಕನೆಕ್ಟ್‌ನಲ್ಲಿ ನಿಂತರೆ ಗಡಿಯಾರ ನೋಡಿ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರತೊಡಗಿದ ಕಾಲದಲ್ಲಿ ಒಂದು ಮಿಲ್ಲಿನ ಬಿಲ್ಲಿಂಗ್ ಪ್ರೋಗ್ರಾಮ್ ಪ್ರತಿ ಬಿಲ್‌ಗೂ ಎರಡು ನಿಮಿಷ ನಿಲ್ಲುತ್ತಿತ್ತು. ಹೊರಗೆ ಲಾರಿ ಸಾಲು. ಸಾಫ್ಟ್‌ವೇರ್ ಮಾರಿದವರು "ರ‍್ಯಾಮ್ ಕಡಿಮಿ ಅದ, ಹೊಸ ಮಷೀನ್ ತಗೋರಿ" ಅಂದಿದ್ದರು. ಜಾಡಿನಲ್ಲಿ ಇದ್ದದ್ದು ಒಂದು ಕನೆಕ್ಟ್, ಉತ್ತರ ಈಟೈಮ್ಡ್‌ಔಟ್, ಹೊತ್ತು 127 ಸೆಕೆಂಡು. ಈ 127 ಕಂಡರೆ ನಕ್ಕುಬಿಡಿ, ಅದು ಲಿನಕ್ಸ್‌ನ ಬಹುಕಾಲದ ಲೆಕ್ಕ. ಆ ಕಡೆಯಿಂದ ಉತ್ತರ ಬರದಿದ್ದರೆ 1, 2, 4, 8, 16, 32, 64 ಸೆಕೆಂಡು ಹೀಗೆ ದುಪ್ಪಟ್ಟು ಕಾಯುತ್ತಾ ಹೋಗಿ ಕೈಬಿಡುತ್ತದೆ. ಕೂಡಿಸಿ ನೋಡಿ. ಹೊಸ ಕರ್ನಲ್‌ಗಳಲ್ಲಿ ಲೆಕ್ಕ ಸ್ವಲ್ಪ ಬೇರೆ, ಆದರೂ ಎರಡು ನಿಮಿಷದ ಆಸುಪಾಸೇ. ಬಿಲ್ಲಿನ ನಕಲು ಕಳಿಸಲು ಬರೆದಿಟ್ಟಿದ್ದ ಹಳೆಯ ಸರ್ವರಿನ ವಿಳಾಸ ಸೆಟ್ಟಿಂಗ್‌ನಲ್ಲಿ ಹಾಗೇ ಉಳಿದಿತ್ತು. ಒಂದು ಸಾಲು ಅಳಿಸಿದ್ದಕ್ಕೆ ಸರಿಹೋಯಿತು. ಹೊಸ ಮಷೀನ್ ಬೇಕಾಗಲಿಲ್ಲ. ಅದೇ ಕಡೆ ಈಕನ್‌ರಿಫ್ಯೂಸ್ಡ್ ಬಂದರೆ ಅರ್ಥ ಬೇರೆ: ಮಷೀನ್ ಇದೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ. ಅದು ತಕ್ಷಣ ಬರುತ್ತದೆ, ಕಾಯಿಸುವುದಿಲ್ಲ.

ಎಲ್ಲಾ ಥ್ರೆಡ್‌ಗಳೂ ಫ್ಯೂಟೆಕ್ಸ್‌ನಲ್ಲೇ ನಿಂತಿದ್ದರೆ, ಒಂದೂ ಬೇರೆ ಕಡೆ ಇಲ್ಲದಿದ್ದರೆ, ಆಗ ಡೆಡ್‌ಲಾಕ್ ಅಂತ ಅನುಮಾನಪಡಿ. ಖಾತ್ರಿ ಮಾಡಿಕೊಳ್ಳಲು ಜಾವಾ ಆದರೆ, ಪ್ರತಿ ಥ್ರೆಡ್ ಕೋಡಿನಲ್ಲಿ ಎಲ್ಲಿ ನಿಂತಿದೆ ಅಂತ ತೋರಿಸುವ ಜೆಸ್ಟ್ಯಾಕ್ ಬೇಕು.

ಒಂದೂ ಸಾಲು ಬಾರದೆ ಇದ್ದರೆ ಪಕ್ಕದ ಟರ್ಮಿನಲ್‌ನಲ್ಲಿ ಟಾಪ್ ತೆರೆಯಿರಿ. ಸಿಪಿಯು 100 ಶೇಕಡಾ ಇದ್ದರೆ ಪ್ರೋಗ್ರಾಮ್ ತನ್ನೊಳಗೇ ಸುತ್ತುತ್ತಿದೆ, ಕರ್ನಲ್‌ಗೆ ಏನನ್ನೂ ಕೇಳುತ್ತಿಲ್ಲ. ಎಸ್‌ಟ್ರೇಸ್ ಇಲ್ಲಿ ಕುರುಡು, ಸಿಪಿಯು ಎಲ್ಲಿ ಖರ್ಚಾಗುತ್ತಿದೆ ಅಂತ ತೋರಿಸುವ ಪರ್ಫ್ ಬಳಸಿ. ಸಿಪಿಯು ಸೊನ್ನೆ, ಸ್ಥಿತಿಯ ಕಾಲಮ್ಮಿನಲ್ಲಿ ದೊಡ್ಡ ಡಿ ಇದ್ದರೆ ಅದು ಡಿಸ್ಕಿಗೋ ನೆಟ್‌ವರ್ಕ್ ಡ್ರೈವ್‌ಗೋ ಕಾಯುತ್ತಾ ಕರ್ನಲ್ ಒಳಗೇ ಸಿಕ್ಕಿಕೊಂಡಿದೆ. ಎಸ್‌ಟ್ರೇಸ್ ಕೂಡ ಅಂಟಿಕೊಳ್ಳಲಾಗದೆ ಅಲ್ಲೇ ಕೂರುತ್ತದೆ. ಬಲವಂತವಾಗಿ ಮುಗಿಸುವ ಕಿಲ್ -9 ಕೂಡ ಬಹಳ ಸಲ ನಡೆಯುವುದಿಲ್ಲ. ಡಿಸ್ಕ್ ನೋಡಿ, ಬ್ಯಾಕಪ್ ತೆಗೆದುಕೊಳ್ಳುವ ಯೋಚನೆ ಮಾಡಿ.

ಹಂತ 5: ಬಿಡಿಸಿಕೊಳ್ಳಿ

ಕಂಟ್ರೋಲ್ ಸಿ ಒತ್ತಿ. ಎಸ್‌ಟ್ರೇಸ್ ಹೋಗುತ್ತದೆ, ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ. ಹೆದರಬೇಡಿ.

ಆದರೆ ಇಡೀ ದಿನ ಹಾಕಿ ಬಿಡಬೇಡಿ. ಪ್ರತಿ ಕಾಲ್‌ಗೂ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಪ್ರೋಗ್ರಾಮನ್ನು ತಡೆದು ನಿಲ್ಲಿಸಲಾಗುತ್ತದೆ. ಕಾಲ್ ಜಾಸ್ತಿ ಮಾಡುವ ಡೇಟಾಬೇಸ್‌ನಂಥ ಪ್ರೋಗ್ರಾಮ್ ಎಷ್ಟೋ ಪಟ್ಟು ನಿಧಾನವಾಗುತ್ತದೆ. ಅರ್ಧ ನಿಮಿಷ ಹಿಡಿದು ಬಿಡಿ. ಬೇಡದ ಕಾಲ್‌ಗಳನ್ನು ಕರ್ನಲ್ಲಿನಲ್ಲೇ ಸೋಸುವ ಬಿಪಿಎಫ್ ಆಯ್ಕೆ ಹಾಕಿದರೆ ವೇಗ ಹೆಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ. ಹೊಸದಾಗಿ ಶುರು ಮಾಡುವ ಪ್ರೋಗ್ರಾಮಿಗೆ ಅದು ನಿಜ, ಓಡುತ್ತಿರುವುದಕ್ಕೆ -ಪಿ ಹಾಕಿ ಅಂಟಿದಾಗ ಅದು ನಡೆಯುವುದಿಲ್ಲ. ನೆಟ್‌ವರ್ಕ್ ಮೇಲೆ ಮಾತ್ರ ಅನುಮಾನವಿದ್ದರೆ "-ಇ ಟ್ರೇಸ್=ನೆಟ್‌ವರ್ಕ್" ಸೇರಿಸಿ, ಫೈಲ್ ಚಿಕ್ಕದಾಗುತ್ತದೆ. ಮೊದಲ ಸಲಕ್ಕೆ ಅದೂ ಬೇಡ ಅನ್ನುವವನು ನಾನು. ಅನುಮಾನವೇ ತಪ್ಪಿದ್ದರೆ ಬೇಕಾದ ಸಾಲೇ ಬಿಟ್ಟುಹೋಗುತ್ತದೆ.

ಆ ಜಾಡಿನ ಫೈಲನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಪ್ರೋಗ್ರಾಮ್ ಓದಿದ್ದು, ಬರೆದದ್ದು ಅದರಲ್ಲಿರುತ್ತದೆ: ಡೇಟಾಬೇಸಿನ ಪಾಸ್‌ವರ್ಡ್, ರೈತರ ಫೋನ್ ನಂಬರ್, ಬ್ಯಾಂಕ್ ಖಾತೆ. -ಎಸ್ 200 ಹಾಕಿದ್ದೀರಲ್ಲ, ಇನ್ನೂ ಚೆನ್ನಾಗಿ ಕಾಣುತ್ತದೆ. ಸಾಫ್ಟ್‌ವೇರ್ ಕೊಟ್ಟವರಿಗೆ ಬೇಕಾದ ನಾಲ್ಕೈದು ಸಾಲು ಮಾತ್ರ ಕತ್ತರಿಸಿ, ಹೆಸರು ನಂಬರ್ ಅಳಿಸಿ ಕಳಿಸಿ. ಜೊತೆಗೆ ಎಷ್ಟು ಗಂಟೆಗೆ ಹಿಡಿದದ್ದು, ಆಗ ಪರದೆಯಲ್ಲಿ ಯಾವ ಬಟನ್ ಒತ್ತಿದ್ದಿರಿ ಅಂತ ಬರೆಯಿರಿ. ಇಷ್ಟಾದ ಮೇಲೆ ರೀಸ್ಟಾರ್ಟ್ ಮಾಡಿಕೊಳ್ಳಿ, ಲಾರಿಯವರು ಕಾಯುತ್ತಿರುತ್ತಾರೆ.